ಕಲ್ಲಂಗಡಿಗೆ ಹೊಡೆದ ಗುಂಡು, ತೆಂಗಿನಕಾಯಿಗೆ ಹೊಡೆದ ಗುಂಡು

ಕಾದಂಬರಿ ಚೆನ್ನಾಗಿದೆಯೋ, ಸಿನಿಮಾ ಚೆನ್ನಾಗಿದೆಯೋ? ಈ ಪ್ರಶ್ನೆಯನ್ನು ಕಣ್ಣೂರಿನಲ್ಲಿ ಕೇಳಿದರೆ ಒಂದು ತರಹದ ಜಗಳ ಶುರುವಾಗುತ್ತದೆ, ಕೊಡಗಿನಲ್ಲಿ ಕೇಳಿದರೆ ಇನ್ನೊಂದು ತರಹದ್ದು. ನಾನು ಹುಟ್ಟಿ ಬೆಳೆದದ್ದು ಭಾಗಮಂಡಲದ ಹತ್ತಿರ. ಕೆಲಸ, ಸಂಸಾರ ಎಲ್ಲ ಈಗ ಕಣ್ಣೂರಿನಲ್ಲಿ. ವಿರಾಜಪೇಟೆ ದಾಟಿ ಮಾಕುಟ್ಟದ ಘಾಟಿ ಇಳಿದರೆ ಕೇರಳ, ದೂರವೇನೂ ಇಲ್ಲ. ಆದರೆ ಓದಿದ್ದನ್ನೂ ನೋಡಿದ್ದನ್ನೂ ತೂಗುವ ರೀತಿ ಮಾತ್ರ ಘಾಟಿಯ ಮೇಲೊಂದು, ಕೆಳಗೊಂದು.

2025ರ ಜೂನ್‌ನಲ್ಲಿ ಇಂಗ್ಲಿಷ್ ಕಾದಂಬರಿಕಾರ ಫ್ರೆಡರಿಕ್ ಫೋರ್ಸಿತ್ ತೀರಿಕೊಂಡಾಗ ಎರಡೂ ಕಡೆ ಒಂದೇ ಪುಸ್ತಕ ಕಪಾಟಿನಿಂದ ಕೆಳಗಿಳಿಯಿತು: ‘ದಿ ಡೇ ಆಫ್ ದಿ ಜಕಾಲ್’. ಕಾದಂಬರಿ ಬಂದದ್ದು 1971ರಲ್ಲಿ, ಫ್ರೆಡ್ ಜಿನ್ನೆಮನ್ ಅದನ್ನು ಸಿನಿಮಾ ಮಾಡಿದ್ದು 1973ರಲ್ಲಿ. ಅಲ್ಜೀರಿಯಾಕ್ಕೆ ಸ್ವಾತಂತ್ರ್ಯ ಕೊಟ್ಟ ಸಿಟ್ಟಿಗೆ ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್‌ನನ್ನು ಮುಗಿಸಲು ಒಂದು ಗುಪ್ತ ಗುಂಪು ಬಾಡಿಗೆ ಹಂತಕನನ್ನು ಗೊತ್ತು ಮಾಡುತ್ತದೆ. ಅವನ ನಿಜವಾದ ಹೆಸರು ಕೊನೆಯವರೆಗೂ ನಮಗೆ ಗೊತ್ತಾಗುವುದಿಲ್ಲ. 1962ರ ಆಗಸ್ಟ್ 22ರಂದು ಪ್ಯಾರಿಸ್ ಹೊರವಲಯದಲ್ಲಿ ಡಿ ಗಾಲ್ ಕಾರಿನ ಮೇಲೆ ನಿಜವಾಗಿಯೂ ಗುಂಡಿನ ಮಳೆ ಸುರಿದಿತ್ತು. ಕಥೆ ಅಲ್ಲಿಂದ ಹೊರಡುತ್ತದೆ. ಫೋರ್ಸಿತ್ ಆ ದಿನಗಳಲ್ಲಿ ರಾಯಿಟರ್ಸ್ ವರದಿಗಾರನಾಗಿ ಪ್ಯಾರಿಸ್‌ನಲ್ಲಿದ್ದವನು. ಪುಸ್ತಕವನ್ನು ಮೊದಮೊದಲು ಪ್ರಕಾಶಕರು ಬೇಡ ಅಂದರು. ಡಿ ಗಾಲ್ ಕೊಲೆಯಾಗಲಿಲ್ಲ ಅನ್ನುವುದು ಊರಿಗೆಲ್ಲ ಗೊತ್ತು, ಕೊನೆ ಗೊತ್ತಿರುವ ಕಥೆಯನ್ನು ಯಾರು ಓದುತ್ತಾರೆ ಅನ್ನುವುದು ಅವರ ಲೆಕ್ಕ. ಆ ಲೆಕ್ಕ ತಲೆಕೆಳಗಾಯಿತು.

ಕೊಡಗಿನ ರೀತಿ ಹೇಗೆ ಅಂತ ನೋಡಬೇಕಾದರೆ ಕೈಲ್ ಮುಹೂರ್ತದ ಹೊತ್ತಿಗೆ ನಮ್ಮ ಮಾವನ ಮನೆ ಜಗಲಿಗೆ ಬರಬೇಕು. ಸೆಪ್ಟೆಂಬರ್ ಶುರುವಿನಲ್ಲಿ ನಾಟಿ ಕೆಲಸ ಮುಗಿದಿರುತ್ತದೆ. ಕೋವಿಗಳನ್ನು ಒರೆಸಿ, ದೇವರ ಮುಂದೆ ಇಟ್ಟು, ನಳಿಗೆಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಕಡಂಬುಟ್ಟು, ಪಂದಿಕರಿ. ಅದಾದ ಮೇಲೆ ಎತ್ತರದ ಮರದ ಕೊಂಬೆಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಆಟ. ಮಾವ ಸೇನೆಯಿಂದ ನಿವೃತ್ತರಾಗಿ ಬಂದವರು. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆಯಲ್ಲಿ ಅಂಥವರು ಊರಿಗೆ ಹತ್ತು ಜನ ಸಿಗುತ್ತಾರೆ. ಅವರ ಟ್ರಂಕಿನ ಜೊತೆಗೆ ಬಂದ ಇಂಗ್ಲಿಷ್ ಥ್ರಿಲ್ಲರ್‌ಗಳೂ ಎಸ್ಟೇಟ್ ಮನೆಗಳ ಕಪಾಟಿನಲ್ಲಿ ಮಳೆಗಾಲದ ಬೂಷ್ಟು ಹಿಡಿದು ಕೂತಿರುತ್ತವೆ. ಜೂನ್, ಜುಲೈಯಲ್ಲಿ ಕರೆಂಟು ಹೋದರೆ ಬರುವುದು ಯಾವಾಗಲೋ. ಆಗ ಓದದವನೂ ಓದುತ್ತಾನೆ.

ಇಂಥ ಓದುಗರು ‘ಜಕಾಲ್’ ಸಿನಿಮಾ ನೋಡಿದರೆ ಮೊದಲು ಏನು ಕೇಳುತ್ತಾರೆ? ಕೋವಿ ಸರಿ ಇತ್ತಾ ಅಂತ. ಪಾತ್ರ, ನಟನೆ ಎಲ್ಲ ಆಮೇಲೆ.

ಹಂತಕ ತನಗೆ ಬೇಕಾದ ಹಾಗೆ ಒಂದು ರೈಫಲ್ ಮಾಡಿಸುವ ಭಾಗ ಪುಸ್ತಕದಲ್ಲಿ ಉದ್ದಕ್ಕೆ ಬರುತ್ತದೆ. ಹಗುರವಾಗಿರಬೇಕು, ಬಿಡಿಬಿಡಿಯಾಗಿ ಬಿಚ್ಚಿ ಸಣ್ಣ ಕೊಳವೆಗಳಲ್ಲಿ ಅಡಗಿಸುವಂತಿರಬೇಕು, ಸದ್ದು ಬರಬಾರದು. ಎಷ್ಟು ದೂರದಿಂದ, ತಲೆಗೋ ಎದೆಗೋ, ಎರಡನೇ ಗುಂಡಿಗೆ ಅವಕಾಶ ಸಿಗುತ್ತದೋ ಇಲ್ಲವೋ ಎಂದೆಲ್ಲ ಕೋವಿ ಮಾಡುವವನು ದರ್ಜಿ ಅಳತೆ ತೆಗೆದುಕೊಳ್ಳುವ ಹಾಗೆ ತಣ್ಣಗೆ ಕೇಳುತ್ತಾನೆ. ಪುಸ್ತಕದಲ್ಲಿ ಈತ ಬೆಲ್ಜಿಯಂನವನು, ಬ್ರಸೆಲ್ಸ್‌ನಲ್ಲಿ ಇರುವವನು. ಸಿನಿಮಾದಲ್ಲಿ ಇಟಲಿಯ ಜಿನೋವಾಕ್ಕೆ ಬಂದುಬಿಟ್ಟಿದ್ದಾನೆ. ಮಾವನಿಗೆ ಇದು ಇವತ್ತಿಗೂ ಅರಗಿಲ್ಲ.

“ಬೆಲ್ಜಿಯಂ ಕೋವಿ ಅಂದ್ರೆ ಏನು ಹೆಸರು! ಅದನ್ನ ಬಿಟ್ಟು ಇಟಲಿಗೆ ಯಾಕೆ ಹೋದ್ರು ಇವರು?”

“ಬೆರೆಟ್ಟಾ ಇಟಲಿಯದ್ದೇ ಅಲ್ವಾ ಮಾವ?” ಅಂದೆ.

“ಅದು ಬೇರೆ ಮಾತು,” ಅಂದರು. ಯಾಕೆ ಬೇರೆ ಅಂತ ಹೇಳಲಿಲ್ಲ.

ಆಮೇಲೆ ಆ ಹಣ್ಣಿನ ದೃಶ್ಯ. ಹಂತಕ ಜನ ಇಲ್ಲದ ಕಡೆ ಹೋಗಿ ಹಣ್ಣಿಗೆ ಬಣ್ಣದಲ್ಲಿ ಮುಖ ಬರೆದು, ಬಲೆಯ ಚೀಲದಲ್ಲಿ ಮರಕ್ಕೆ ನೇತುಹಾಕಿ, ದೂರದಿಂದ ಗುಂಡು ಹೊಡೆದು ಟೆಲಿಸ್ಕೋಪ್ ಸರಿಮಾಡಿಕೊಳ್ಳುತ್ತಾನೆ. ಪುಸ್ತಕದಲ್ಲಿ ಇದು ನಡೆಯುವುದು ಆರ್ಡೆನ್ ಕಾಡಿನಲ್ಲಿ. ಒಂದು ಗುಂಡು, ಸ್ಕ್ರೂ ಸ್ವಲ್ಪ ತಿರುಗಿಸು, ಮತ್ತೊಂದು ಗುಂಡು. ಕೊನೆಗೆ ಸಿಡಿಯುವ ತೋಟಾ ಹಾಕಿದರೆ ಹಣ್ಣೇ ಇಲ್ಲ. ಸಿನಿಮಾದಲ್ಲಿ ಇದಕ್ಕೆ ಮಾತಿಲ್ಲ, ಸಂಗೀತವೂ ಇಲ್ಲ. ಕಲ್ಲಂಗಡಿ ಚೂರುಚೂರಾಗುವುದನ್ನು ಸುಮ್ನೆ ನೋಡುತ್ತೇವೆ, ಅದು ಯಾರ ತಲೆ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ನನ್ನ ಮಟ್ಟಿಗೆ ಪುಸ್ತಕ, ಸಿನಿಮಾ ಎರಡೂ ಸರಿಸಮ ನಿಲ್ಲುವ ಜಾಗ ಇದೊಂದೇ.

ತೆಂಗಿನಕಾಯಿಗೆ ಹೊಡೆದು ಗೊತ್ತಿರುವವರು ಈ ದೃಶ್ಯವನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. “ಆ ದಿನ ಗಾಳಿ ಇತ್ತಾ?” ಅಂತ ಒಬ್ಬ ಕೇಳಿದ. “ಅಳತೆ ಸರಿಮಾಡಿದ ಕೋವಿನ ಮತ್ತೆ ಬಿಚ್ಚಿ ಜೋಡಿಸಿದ್ರೆ ಅದೇ ಅಳತೆ ನಿಲ್ಲುತ್ತಾ?” ಅಂತ ಇನ್ನೊಬ್ಬ. ಇಬ್ಬರೂ ಎದ್ದು ಹೋಗಿ ಪುಸ್ತಕ ತಂದು ಆ ಪುಟ ಹುಡುಕಿದರು. ಪಂದಿಕರಿ ತಿಂದ ಕೈಯಲ್ಲಿ! ಪುಸ್ತಕ ನನ್ನದಲ್ಲ, ಬಿಡಿ.

ಇನ್ನು ಕಣ್ಣೂರು. ಇಲ್ಲಿ ಊರೂರಿಗೆ ವಾಯನಶಾಲೆ, ಅಂದರೆ ಊರಿನ ಓದುವ ಮನೆ. ಪಿ.ಎನ್. ಪಣಿಕ್ಕರ್ 1945ರಲ್ಲಿ ಕಟ್ಟಿದ ಗ್ರಂಥಾಲಯ ಸಂಘದ ಫಲ ಇದು. ಅವರು ತೀರಿಕೊಂಡ ಜೂನ್ 19ನ್ನು ಕೇರಳದಲ್ಲಿ ಓದಿನ ದಿನ ಅಂತ ಆಚರಿಸುತ್ತಾರೆ. ನಮ್ಮ ಬೀದಿಯ ವಾಯನಶಾಲೆಯಲ್ಲಿ ಕಾದಂಬರಿ, ಸಿನಿಮಾ ಚರ್ಚೆ ಅಂದರೆ ಅದಕ್ಕೊಬ್ಬ ಅಧ್ಯಕ್ಷ, ಸ್ವಾಗತ, ವಂದನಾರ್ಪಣೆ, ನಡುವೆ ಚಾಯ, ಪಳಂಪೊರಿ. ಮಾತಾಡುವವರು ಅಲ್ಜೀರಿಯಾದಿಂದ ಶುರುಮಾಡುತ್ತಾರೆ. ವಸಾಹತು, ಬಲಪಂಥ, ಸೇನೆಯೊಳಗಿನ ಬಂಡಾಯ ಎಲ್ಲ ಮುಗಿದು ಹಂತಕ ವೇದಿಕೆಗೆ ಬರುವಷ್ಟರಲ್ಲಿ ಚಾಯ ಆರಿರುತ್ತದೆ. ಕೋವಿಯ ಬಗ್ಗೆ ಒಬ್ಬರೂ ಸೊಲ್ಲೆತ್ತಲಿಲ್ಲ. ಪುಸ್ತಕ ಪೂರ್ತಿ ಓದದೆ ಬಂದವರೂ ಧೈರ್ಯವಾಗಿ ಮಾತಾಡಿದರು, ಅದೂ ಜಾಸ್ತಿ ಹೊತ್ತು.

ಆದರೆ ಒಂದು ವಿಷಯದಲ್ಲಿ ಅವರು ನಮಗಿಂತ ಮುಂದೆ. ಸಿನಿಮಾ ಪುಸ್ತಕವನ್ನು ಬದಲಾಯಿಸಿದರೆ ಅವರಿಗೆ ಮೈ ಉರಿಯುವುದಿಲ್ಲ. ಯಾಕೆಂದರೆ ಈ ಕಥೆಯನ್ನು ಅವರು ತಮ್ಮ ಮನೆಗೇ ತಂದುಕೊಂಡವರು. 1988ರಲ್ಲಿ ಸಿಬಿ ಮಲಯಿಲ್ ನಿರ್ದೇಶಿಸಿದ ‘ಆಗಸ್ಟ್ 1’ ಇದೇ ಕಾದಂಬರಿಯ ಎಳೆ ಹಿಡಿದ ಮಲಯಾಳಂ ಸಿನಿಮಾ. ಫ್ರಾನ್ಸಿನ ಅಧ್ಯಕ್ಷನ ಜಾಗದಲ್ಲಿ ಕೇರಳದ ಮುಖ್ಯಮಂತ್ರಿ. ಹಂತಕ ಕ್ಯಾಪ್ಟನ್ ರಾಜು, ಅವನ ಬೆನ್ನು ಹತ್ತುವ ಪೊಲೀಸ್ ಅಧಿಕಾರಿ ಮಮ್ಮುಟ್ಟಿ. ವಾಯನಶಾಲೆಯಲ್ಲಿ ಹೋಲಿಕೆ ಅಂದರೆ ಪುಸ್ತಕ, ಇಂಗ್ಲಿಷ್ ಸಿನಿಮಾ, ಮಲಯಾಳಂ ಸಿನಿಮಾ ಮೂರನ್ನೂ ಒಟ್ಟಿಗೆ ಹರಡಿಕೊಂಡು ಕೂರುವುದು. ನಿಷ್ಠೆಯ ಪ್ರಶ್ನೆಯೇ ಏಳುವುದಿಲ್ಲ. ಆ ಕಥೆಗೆ ನಮ್ಮ ಊರಲ್ಲಿ ಏನಾಯ್ತು ಅನ್ನುವುದು ಪ್ರಶ್ನೆ.

ಅಲ್ಲಿ ಕೂತು ಕೇಳಿದಾಗಲೇ ನನಗೆ ಒಂದು ಹೊಳೆದದ್ದು. ಪುಸ್ತಕದ ಪೊಲೀಸ್ ಅಧಿಕಾರಿ ಲೆಬೆಲ್ ಸಣ್ಣ ಆಳು, ಸಾಧು, ಹೆಂಡತಿಗೆ ಹೆದರುವವನು. ದೊಡ್ಡ ದೊಡ್ಡ ಮಂತ್ರಿಗಳ ಸಭೆಯಲ್ಲಿ ಅವನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಂತಕನೂ ಹಾಗೇ, ಸಂತೆಯಲ್ಲಿ ಕಳೆದುಹೋಗುವಂಥವನು. ಜಿನ್ನೆಮನ್ ಬೇಕೆಂದೇ ದೊಡ್ಡ ಸ್ಟಾರ್‌ಗಳನ್ನು ಬಿಟ್ಟು ಆಗ ಅಷ್ಟಾಗಿ ಗೊತ್ತಿಲ್ಲದ ಎಡ್ವರ್ಡ್ ಫಾಕ್ಸ್‌ನನ್ನು ಆ ಪಾತ್ರಕ್ಕೆ ಹಾಕಿದ. ಮಮ್ಮುಟ್ಟಿ ಬಂದು ನಿಂತ ಕೂಡಲೇ ಆ ತಕ್ಕಡಿ ಒಂದೇ ಕಡೆ ವಾಲಿಬಿಡುತ್ತದೆ. ಹೀರೋ ಇದ್ದಾನೆ, ಇನ್ನು ಚಿಂತೆ ಇಲ್ಲ. ಪುಸ್ತಕದಲ್ಲಿ ನಾವು ಅರ್ಧ ಹೊತ್ತು ಹಂತಕನ ಪಕ್ಕದಲ್ಲೇ ಕೂತು, ಅವನ ಕೆಲಸ ಕೆಡದಿರಲಿ ಅಂತ ಒಳಗೊಳಗೇ ಬಯಸುತ್ತಿರುತ್ತೇವೆ. ಆ ಕಳ್ಳಮನಸ್ಸು ಸ್ಟಾರ್ ಸಿನಿಮಾದಲ್ಲಿ ಹುಟ್ಟುವುದು ಕಷ್ಟ. ಕನ್ನಡದವರು ಮಾಡಿದ್ದರೂ ಹಾಗೇ ಆಗುತ್ತಿತ್ತು.

ಹಾಗಂತ ನಮ್ಮವರಿಗೆ ಪುಸ್ತಕ ಸಿನಿಮಾವಾದದ್ದು ಹೊಸದಲ್ಲ. ಯಂಡಮೂರಿ ಕಾದಂಬರಿಗಳನ್ನು ಮುಗಿಬಿದ್ದು ಓದಿದ ನಮ್ಮ ಅತ್ತೆ, 1995ರ ‘ಬೆಳದಿಂಗಳ ಬಾಲೆ’ ನೋಡಿ ಬಂದಾಗಿನಿಂದ ಅನಂತನಾಗ್ ಬಿಟ್ಟು ಬೇರೆ ಯಾರನ್ನೂ ಆ ಚೆಸ್ ಆಟಗಾರನ ಜಾಗದಲ್ಲಿ ಒಪ್ಪುವುದಿಲ್ಲ. ಪುಸ್ತಕ ಓದುವಾಗ ಮನಸ್ಸಿನಲ್ಲಿದ್ದ ಮುಖ ಯಾವುದಿತ್ತು ಅಂತ ಕೇಳಿದರೆ ಅವರಿಗೆ ನೆನಪೇ ಇಲ್ಲ. ಸಿನಿಮಾದಿಂದ ಓದುಗನಿಗೆ ಆಗುವ ದೊಡ್ಡ ನಷ್ಟ ಇದು ಅಂತ ನನಗನಿಸುತ್ತದೆ. ಬ್ರಸೆಲ್ಸ್ ಹೋಗಿ ಜಿನೋವಾ ಬಂದರೆ ಆಗುವ ನಷ್ಟ ಏನೂ ಅಲ್ಲ.

ನನ್ನನ್ನು ಕೇಳಿದರೆ ಫೋರ್ಸಿತ್‌ನ ಪುಸ್ತಕ ಓದುವುದಕ್ಕೆ ಕೊಡಗಿನ ಜಗಲಿಯೇ ಸರಿ. ಆ ಪುಸ್ತಕದ ಜೀವ ಇರುವುದೇ ಕೆಲಸದ ವಿವರದಲ್ಲಿ. ಚಿಕ್ಕಂದಿನಲ್ಲೇ ಸತ್ತ ಮಗುವಿನ ಜನನ ಪತ್ರ ತೆಗೆಸಿ ಅದರ ಮೇಲೆ ಪಾಸ್‌ಪೋರ್ಟ್ ಮಾಡಿಸುವುದು, ಮುದುಕನ ಹಾಗೆ ಮುಖ ಬಿಳಿಚಿಕೊಳ್ಳಲು ಕಾರ್ಡೈಟ್, ಅಂದರೆ ತೋಟಾಕ್ಕೆ ತುಂಬುವ ಮದ್ದು, ಜಗಿಯುವುದು. ಈ ಕೊನೆಯದನ್ನು ಓದಿದಾಗ ಮಾವ ನಕ್ಕ ನಗು, ಇಂಥ ಉಪಾಯ ಎಲ್ಲೋ ಕಂಡಿದ್ದವರ ನಗು. ಇಂಥದ್ದನ್ನು ಹಾರಿಸಿ ಓದಿದರೆ ಉಳಿಯುವುದು ಪತ್ರಿಕೆಯ ಸುದ್ದಿ ಮಾತ್ರ. ಆದರೆ ಸಿನಿಮಾವನ್ನೂ ಅದೇ ಅಳತೆಗೋಲಿನಲ್ಲಿ ಅಳೆಯುವುದು ಅನ್ಯಾಯ. ಎರಡೂ ಚಿಲ್ಲರೆ ಗಂಟೆಯಲ್ಲಿ ಎಲ್ಲವನ್ನೂ ತೋರಿಸಲು ಆಗುತ್ತದಾ? ಅಲ್ಲಿ ವಾಯನಶಾಲೆಯವರು ಕೇಳುವ ಪ್ರಶ್ನೆಗಳೇ ಸರಿ: ಯಾರ ಮುಖ, ಯಾರ ಕಡೆಯಿಂದ, ಯಾವ ಊರಿಗೆ.

ಕೊನೆಯ ದೃಶ್ಯ ಮಾತ್ರ ಎರಡೂ ಕಡೆ ಜಗಳ ತಂದಿತು. ಓದದವರು ಇಲ್ಲಿಗೇ ನಿಲ್ಲಿಸಬಹುದು. ಹಂತಕ ಗುರಿ ಇಡುತ್ತಾನೆ, ಕುದುರೆ ಎಳೆಯುತ್ತಾನೆ. ಅದೇ ಕ್ಷಣಕ್ಕೆ ಡಿ ಗಾಲ್ ಹಳೆಯ ಸೈನಿಕನಿಗೆ ಪದಕ ಚುಚ್ಚಿ ಕೆನ್ನೆಗೆ ಮುತ್ತಿಡಲು ಬಗ್ಗುತ್ತಾನೆ. ಗುಂಡು ತಲೆಯ ಹಿಂದೆ ಹಾದುಹೋಗುತ್ತದೆ. ಎಲ್ಲ ಲೆಕ್ಕ ಹಾಕಿದ್ದ ಇಂಗ್ಲಿಷಿನವನಿಗೆ ಫ್ರೆಂಚರ ಈ ರೂಢಿ ಲೆಕ್ಕಕ್ಕೆ ಬಂದಿರಲಿಲ್ಲ. ಮಾವ ಇದನ್ನು ಒಪ್ಪುವುದಿಲ್ಲ. ಕಾಡಿನಲ್ಲಿ ಕೂತು ಗೊತ್ತಿದ್ದವನು ತಲೆ ನಿಲ್ಲುವ ತನಕ ಕಾಯುತ್ತಾನೆ ಅನ್ನುವುದು ಅವರ ವಾದ.

“ನಮ್ಮಲ್ಲಾಗಿದ್ರೆ ಗುರಿ ತಪ್ಪುತ್ತಿರಲಿಲ್ಲ,” ಅಂದರು ಮತ್ತೆ. “ಪದಕ ತಗೊಳ್ಳೋನು ಕಾಲು ಮುಟ್ಟೋಕೆ ಬಗ್ಗುತ್ತಿದ್ದ. ದೊಡ್ಡ ಮನುಷ್ಯ ನೆಟ್ಟಗೆ ನಿಂತಿರುತ್ತಿದ್ದ.”

ಇದನ್ನು ಕಣ್ಣೂರಿಗೆ ಬಂದು ವಾಯನಶಾಲೆಯ ಕಾರ್ಯದರ್ಶಿಗೆ ಹೇಳಿದೆ. ಅವರು ಸ್ವಲ್ಪ ಯೋಚನೆ ಮಾಡಿ, “ನಮ್ಮ ಕಣ್ಣೂರಲ್ಲಿ ಮುಷ್ಟಿ ಎತ್ತಿ ಲಾಲ್ ಸಲಾಂ ಅಂತಾರೆ. ಇಬ್ಬರೂ ನೆಟ್ಟಗೇ,” ಅಂದರು.