ಎಲ್ಲಾ ಸರಿ, ಬೆನ್ನ ಕೆಳಗೇನು?

ಮಾರ್ಚ್‌ನಲ್ಲಿ ಅಮೆರಿಕದ ಜಾರ್ಜಿಯಾದಿಂದ ಅಪಲಾಚಿಯನ್ ಟ್ರೇಲ್ (ತಿಂಗಳುಗಟ್ಟಲೆ ನಡೆಯುವ ಬೆಟ್ಟದ ಕಾಲುದಾರಿ) ಹಿಡಿಯಲು ಹೊರಟವರೊಬ್ಬರ ಸಾಮಾನಿನ ಪಟ್ಟಿ ಈಗಷ್ಟೇ ಕಣ್ಣಿಗೆ ಬಿತ್ತು. ಮರಗಳ ನಡುವೆ ಕಟ್ಟಿ ಮಲಗುವ ಹ್ಯಾಮಕ್ ಇದೆ, ಅದರ ಮೇಲೆ ಕಟ್ಟುವ ಟಾರ್ಪ್ ಇದೆ, ಕಣ್ಣು ಕುಕ್ಕುವ ಬೆಲೆಯ ಸ್ಲೀಪಿಂಗ್ ಬ್ಯಾಗ್ ಇದೆ, ಟೈಟಾನಿಯಂ ಚಮಚವೂ ಇದೆ. ಬೆನ್ನ ಕೆಳಗೆ? ಏನೂ ಇಲ್ಲ. ಅದಕ್ಕೆ "ಸೂಪರ್ ಸೆಟಪ್ ಗುರು" ಎಂಬ ಶಹಬ್ಬಾಸ್‌ಗಿರಿ ಬೇರೆ. ನನ್ನನ್ನು ಬಲ್ಲವರಿಗೆ ಗೊತ್ತು, ಈ ವಿಷಯ ಬಂದರೆ ಬಾಯಿ ಮುಚ್ಚಿಕೊಂಡಿರುವುದು ನನ್ನಿಂದಾಗದು.

ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿಡುವುದು ಒಳಗಿನ ಪುಕ್ಕದ ಬಲದಿಂದಲ್ಲ, ಪುಕ್ಕದ ನಡುವೆ ಅಲುಗದೆ ನಿಂತ ಗಾಳಿಯಿಂದ. ಮೈಭಾರ ಬಿದ್ದ ಕಡೆ ಆ ಗಾಳಿ ಹೊರಟುಹೋಗಿ ಪುಕ್ಕ ಹಪ್ಪಳದ ಹಾಗೆ ಚಪ್ಪಟೆಯಾಗುತ್ತದೆ. ನೆಲದ ಮೇಲೆ ಮಲಗಿದರೆ ಆ ಕೊರತೆಯನ್ನು ಕೆಳಗೆ ಹಾಸುವ ಪ್ಯಾಡ್ ತುಂಬುತ್ತದೆ. ಹ್ಯಾಮಕ್‌ನಲ್ಲಿ ನಿಮ್ಮ ಬೆನ್ನಿಗೂ ಬೆಟ್ಟದ ಗಾಳಿಗೂ ನಡುವೆ ಉಳಿಯುವುದು ಒಂದು ಪದರ ನೈಲಾನ್ ಮಾತ್ರ. ಹೊರಗೆ 18–20 ಡಿಗ್ರಿ ಸೆಲ್ಸಿಯಸ್ ಇದ್ದಾಗಲೇ ಕೆಲವರಿಗೆ ಸೊಂಟದ ಕೆಳಗೆ ತಣ್ಣಗಾಗುತ್ತದೆ. ಸೊನ್ನೆಯ ಹತ್ತಿರ ಏನಾದೀತು, ಯೋಚಿಸಿ. ಜಾಕೆಟ್ ಹಾಕಿಕೊಂಡು ಮಲಗಿದರೂ ಅದರ ಬೆನ್ನಿಗೂ ಇದೇ ಗತಿ.

ಇದಕ್ಕೆ ಇರುವ ಉತ್ತರ ಅಂಡರ್‌ಕ್ವಿಲ್ಟ್. ಹ್ಯಾಮಕ್‌ನ ಹೊರಗೆ, ಕೆಳಗಡೆ, ಎಲಾಸ್ಟಿಕ್ ಹುರಿಯಿಂದ ತೂಗುಬಿಡುವ ರಜಾಯಿ ಅದು. ಮೈಭಾರ ಅದರ ಮೇಲೆ ಬೀಳುವುದಿಲ್ಲ, ಹಾಗಾಗಿ ಪುಕ್ಕ ಉಬ್ಬಿಯೇ ಇರುತ್ತದೆ. ಮೇಲಕ್ಕೆ ಹೊದೆಯಲು ಟಾಪ್‌ಕ್ವಿಲ್ಟ್ ಎಂಬ ಇನ್ನೊಂದು ರಜಾಯಿ ಸಾಕು, ಪೂರ್ತಿ ಸ್ಲೀಪಿಂಗ್ ಬ್ಯಾಗ್ ಬೇಕಿಲ್ಲ. ದುಡ್ಡು ಒಂದಕ್ಕೇ ಸಾಲುತ್ತದೆ ಅನ್ನುವವರು ಕೆಳಗಿನದಕ್ಕೆ ಹಾಕಿ. ಮೇಲೆ ಚಳಿಯಾದರೆ ಜಾಕೆಟ್ಟನ್ನೇ ಹೊದ್ದುಕೊಳ್ಳಬಹುದು. ಕೆಳಗೆ ಚಳಿಯಾದರೆ ರಾತ್ರಿ ಎರಡು ಗಂಟೆಗೆ ಏನನ್ನು ತುರುಕುತ್ತೀರಿ?

ಇನ್ನು ಡಿಗ್ರಿ ಲೆಕ್ಕ. ಅಮೆರಿಕದ ಅಂಗಡಿಯ "20 ಡಿಗ್ರಿ" ಅಂದರೆ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು ಮೈನಸ್ 7. ಅಲ್ಲಿನ "0 ಡಿಗ್ರಿ" ಅಂದರೆ ಮೈನಸ್ 18. ಊರಿನಿಂದ ಸೊನ್ನೆ ಸೆಲ್ಸಿಯಸ್ ಬ್ಯಾಗ್ ಹೊತ್ತು ತಂದು "ನನ್ನದೂ ಝೀರೋನೇ" ಎಂದು ಬೀಗುವವರಿಗೆ ದೊಡ್ಡ ನಮಸ್ಕಾರ. ಸ್ಲೀಪಿಂಗ್ ಬ್ಯಾಗ್‌ಗಳಿಗಾದರೂ ಐಎಸ್‌ಒ 23537 ಎಂಬ ಮಾನದಂಡವಿದೆ. ಬಿಸಿ ಮಾಡಿದ ಗೊಂಬೆಯನ್ನು ಬ್ಯಾಗಿನೊಳಗೆ ಮಲಗಿಸಿ ಅಳೆಯುತ್ತಾರೆ, ಅದೂ ಕೆಳಗೆ ಪ್ಯಾಡ್ ಹಾಕಿ. ಆ ಸಂಖ್ಯೆಯನ್ನು ಹ್ಯಾಮಕ್‌ಗೆ ಒಯ್ದರೆ ಅದಕ್ಕೆ ಅರ್ಥವೇ ಇಲ್ಲ. ಕ್ವಿಲ್ಟ್‌ಗಳ ಮೇಲಿನ ಡಿಗ್ರಿ ಹೆಚ್ಚಾಗಿ ತಯಾರಕರೇ ಹಾಕಿಕೊಂಡದ್ದು. ಆದ್ದರಿಂದ ನೀವು ಎದುರುನೋಡುವ ಚಳಿಗಿಂತ 5–6 ಡಿಗ್ರಿ ಸೆಲ್ಸಿಯಸ್ ಕೆಳಗಿನದನ್ನೇ ಕೊಳ್ಳಿ. ಚಳಿಯ ಅಂದಾಜಿಗೆ ಪೇಟೆಯ ಹವಾಮಾನ ನೋಡಿ ಕೂರಬೇಡಿ, ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಟ್ರೇಲ್‌ನ ಅತಿ ಎತ್ತರದ ಜಾಗ ಕುವೋಹಿ (2024ರವರೆಗೆ ಕ್ಲಿಂಗ್‌ಮನ್ಸ್ ಡೋಮ್) 2,025 ಮೀಟರ್. ಅಲ್ಲಿ ಏಪ್ರಿಲ್‌ನಲ್ಲೂ ಹಿಮ ಬಿದ್ದರೆ ಯಾರೂ ಹುಬ್ಬೇರಿಸುವುದಿಲ್ಲ.

ಮಾರ್ಚ್‌ನಲ್ಲಿ ಶುರು ಮಾಡುವವರಿಗೆ ನನ್ನ ಲೆಕ್ಕ ಇಷ್ಟು: 20 ಫ್ಯಾರನ್‌ಹೀಟಿನ, ತಲೆಯಿಂದ ಕಾಲಿನವರೆಗಿನ ಪೂರ್ತಿ ಉದ್ದದ ಡೌನ್ (ಪುಕ್ಕದ) ಅಂಡರ್‌ಕ್ವಿಲ್ಟ್. ತೂಕ 550–650 ಗ್ರಾಂ ಆಸುಪಾಸು. ಮುಕ್ಕಾಲು ಉದ್ದದ್ದಾದರೆ ನೂರೈವತ್ತು ಗ್ರಾಂ ಉಳಿದೀತು, ಆದರೆ ಮೊಣಕಾಲಿನ ಕೆಳಗೆ ಫೋಮ್ ತುಂಡು ಹಾಕಬೇಕು.

ಕೊಂಡರೆ ಮುಗಿಯಲಿಲ್ಲ. ಒಳ್ಳೆಯ ಕ್ವಿಲ್ಟ್ ಕೊಂಡೂ ನಡುಗುವವರು ಬಹಳ, ಕಾರಣ ಕಟ್ಟುವ ರೀತಿ. ಹ್ಯಾಮಕ್ಕನ್ನು ಮರಕ್ಕೆ ಬಿಗಿಯುವ ಪಟ್ಟಿಗಳು ನೆಲಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿರಲಿ. ರಿಡ್ಜ್‌ಲೈನ್ (ಹ್ಯಾಮಕ್‌ನ ಎರಡು ತುದಿಗಳ ನಡುವೆ ಮೇಲೆ ಹಾಯುವ ಹುರಿ) ಹ್ಯಾಮಕ್ ಉದ್ದದ 83 ಶೇಕಡಾ, ಅಂದರೆ 335 ಸೆಂ.ಮೀ. ಹ್ಯಾಮಕ್‌ಗೆ 278. ಓರೆಯಾಗಿ ಮಲಗಿ. ಈಗ ಯಾರಿಂದಾದರೂ ಕೆಳಗೆ ಕೈಯಾಡಿಸಿ ನೋಡಿಸಿ, ಒಬ್ಬರೇ ಇದ್ದರೆ ನೀವೇ ಬಗ್ಗಿ ತಡವಿ. ಕ್ವಿಲ್ಟ್ ಹ್ಯಾಮಕ್‌ನ ಬಟ್ಟೆಗೆ ಸವರಿದ ಹಾಗೆ ತಾಕಿರಬೇಕು. ಸೊಂಟದ ಕೆಳಗೆ ಜೋತುಬಿದ್ದಿದ್ದರೆ ಆ ಸಂದಿನಲ್ಲಿ ತಣ್ಣನೆ ಗಾಳಿ ಓಡಾಡುತ್ತದೆ, ಹುರಿಯನ್ನು ಎರಡು ಬೆರಳಗಲ ಬಿಗಿಮಾಡಿ, ಮತ್ತೆ ನೋಡಿ. ಒಮ್ಮೆಗೇ ಎಳೆದು ಬಿಗಿಯಬೇಡಿ, ಆಗ ಪುಕ್ಕ ಹ್ಯಾಮಕ್‌ಗೆ ಅಂಟಿ ನಲುಗುತ್ತದೆ, ಹೊಸದೊಂದು ಚಳಿ ಹುಟ್ಟುತ್ತದೆ. ಎರಡು ತುದಿಯ ದಾರಗಳದ್ದೂ ಇದೇ ಕಥೆ: ಗಾಳಿ ನುಗ್ಗದಷ್ಟು ಮುಚ್ಚಿದರೆ ಸಾಕು, ಜಗ್ಗಿದರೆ ಬೆನ್ನ ನಡುವೆ ಸಂದು ಬೀಳುತ್ತದೆ. ರಾತ್ರಿ ಒಂದೇ ಕಡೆ ಚುಚ್ಚಿದಂಥ ಚಳಿಯಾದರೆ ಮೊದಲು ಸಂದನ್ನು ಹುಡುಕಿ. ಭುಜದಿಂದ ಸೊಂಟದವರೆಗೂ ಒಂದೇ ಸಮ ತಣ್ಣಗಿದ್ದರೆ ಬಿಗಿ ಹೆಚ್ಚಾಗಿದೆ, ಇಲ್ಲವೇ ಕ್ವಿಲ್ಟೇ ಆ ಚಳಿಗೆ ಸಾಲದು.

"ಪ್ಯಾಡ್ ಹಾಕಿದರೆ ಸಾಕಲ್ಲ, ಕಾಸೂ ಉಳಿಯುತ್ತೆ" ಅಂತ ಒಬ್ಬರಾದರೂ ಹೇಳುತ್ತಾರೆ. ಉಳಿಯುತ್ತೆ, ಒಪ್ಪಿದೆ. ಆದರೆ 51 ಸೆಂ.ಮೀ. ಅಗಲದ ಪ್ಯಾಡ್ ಮೇಲೆ ಹ್ಯಾಮಕ್‌ನ ಬಟ್ಟೆ ಭುಜವನ್ನು ಎರಡೂ ಕಡೆ ಸುತ್ತಿಕೊಳ್ಳುತ್ತದೆ, ಭುಜ ಪ್ಯಾಡಿನಾಚೆಗೇ ಉಳಿಯುತ್ತದೆ. ಮಗ್ಗುಲಾದಾಗ ಪ್ಯಾಡ್ ಜಾರುತ್ತದೆ, ಬೆನ್ನಿನ ಬೆವರು ಅದರ ಮೇಲೇ ನಿಲ್ಲುತ್ತದೆ. ಎರಡು ಪದರದ ಹ್ಯಾಮಕ್‌ನ ನಡುವೆ ತೂರಿಸಿದರೆ ಜಾರುವುದಾದರೂ ನಿಲ್ಲುತ್ತದೆ. ಆದರೆ ಆರ್ ಮೌಲ್ಯ (ಚಳಿ ತಡೆಯುವ ಶಕ್ತಿಯ ಅಳತೆ) 2ರ ಫೋಮ್ ನಂಬಿಕೊಂಡು ಸೊನ್ನೆಯ ಕೆಳಗಿನ ಚಳಿಗೆ ಹೋಗುವುದು ಶೂರತನವೇನಲ್ಲ.

ಆದರೂ ತೆಳುವಾದ ಫೋಮ್ ಪ್ಯಾಡ್ ಒಂದನ್ನು ಒಯ್ಯಲೇಬೇಕು ಅಂತಲೇ ನಾನೂ ಹೇಳುವುದು, ಕಾರಣ ಮಾತ್ರ ಬೇರೆ. ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದ ಸುಮಾರು 115 ಕಿ.ಮೀ.ನಲ್ಲಿ ಥ್ರೂ ಹೈಕರ್‌ಗಳು (ಇಡೀ ಟ್ರೇಲ್ ಒಂದೇ ಸಲಕ್ಕೆ ನಡೆಯುವವರು) ಜಾಗವಿದ್ದರೆ ದಾರಿಬದಿಯ ತಂಗುಮನೆಯಾದ ಶೆಲ್ಟರ್‌ನಲ್ಲೇ ಮಲಗಬೇಕು, ಶೆಲ್ಟರ್ ಒಳಗೆ ಹ್ಯಾಮಕ್ ಕಟ್ಟುವಂತಿಲ್ಲ, ಅದರ ಕಂಬಕ್ಕೂ ಕಟ್ಟುವಂತಿಲ್ಲ. ಹಲಗೆಯ ಮೇಲೆ ಅಂಡರ್‌ಕ್ವಿಲ್ಟ್ ಹಾಸಿದರೆ ಅದೂ ಚಪ್ಪಟೆ. ಅಲ್ಲಿ ಪ್ಯಾಡೇ ಗತಿ.

ಗಾಳಿಯ ಬಗ್ಗೆ ಇಷ್ಟೇ: ಬೆಟ್ಟದ ಕಣಿವೆಬಾಯಿಯಲ್ಲಿ ಕಟ್ಟಬೇಡಿ, ಗಾಳಿ ಬರುವ ಕಡೆ ಟಾರ್ಪನ್ನು ನೆಲದ ಹತ್ತಿರಕ್ಕೆ ಇಳಿಸಿ. ವಾರಗಟ್ಟಲೆ ನಡೆಯುವಾಗ ಪುಕ್ಕ ಬೆವರಿನ ಪಸೆ ಕುಡಿದು ಮುದುಡುತ್ತದೆ, ಮಧ್ಯಾಹ್ನ ಊಟಕ್ಕೆ ನಿಂತಾಗ ಬಿಸಿಲಿಗೆ ಹರವಿ. ಮೈಯ ಕೊಬ್ಬು ಕರಗುತ್ತಾ ಹೋದಂತೆ ಅದೇ ಕ್ವಿಲ್ಟ್‌ನಲ್ಲಿ ಚಳಿ ಹೆಚ್ಚಾಗುತ್ತದೆ, ಮಲಗುವ ಮುಂಚೆ ಬೆಣ್ಣೆಯೋ ಕಡಲೆಕಾಯಿಯೋ ತಿನ್ನಿ.

ಚಳಿಗಾಲದ ಕ್ವಿಲ್ಟನ್ನು ಮನೆಗೆ ಕಳಿಸಲು ಬಹಳ ಜನ ಅವಸರ ಮಾಡುತ್ತಾರೆ. ವರ್ಜೀನಿಯಾದ 1,746 ಮೀಟರಿನ ಮೌಂಟ್ ರಾಜರ್ಸ್ ದಾಟುವವರೆಗೆ ಕಳಿಸಬೇಡಿ. ಆಮೇಲೆ 40 ಫ್ಯಾರನ್‌ಹೀಟಿನದು ತರಿಸಿಕೊಳ್ಳಿ, ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್ ಏರುವ ಮೊದಲು ಗ್ಲೆನ್‌ಕ್ಲಿಫ್‌ನಲ್ಲಿ ಹಳೆಯದನ್ನು ವಾಪಸ್ ಪಡೆಯಿರಿ. ನಡುವಿನ ತಿಂಗಳುಗಳಲ್ಲಿ ಅದನ್ನು ಪಾರ್ಸೆಲ್ ಡಬ್ಬದಲ್ಲೇ ಅದುಮಿಡದೆ, ಬಿಡಿಸಿ ಒಣಗಿಸಿ ದೊಡ್ಡ ಹತ್ತಿ ಚೀಲದಲ್ಲಿ ಸಡಿಲವಾಗಿ ಇಡಲು ಮನೆಯವರಿಗೆ ಮೊದಲೇ ಹೇಳಿ.