ಸೀಟು ಫ್ರೀ, ಮಿಕ್ಕಿದ್ದು ಆಫೀಸಿನಲ್ಲಿ ವಿಚಾರಿಸಿ

ಅಂಗಡಿ ಬಾಗಿಲಿಗೆ ಬಂದ ಗಿರಾಕಿಗೆ ‘ಎದುರಿನ ಅಂಗಡಿಗೆ ಹೋಗಿ, ದುಡ್ಡು ನಾನೇ ಕೊಡ್ತೀನಿ’ ಅನ್ನುವ ಸಾಹುಕಾರನನ್ನು ನೀವು ನೋಡಿದ್ದೀರಾ? ನಾವು ನೋಡಿದ್ದೇವೆ. ಓಟು ಕೂಡ ಹಾಕಿದ್ದೇವೆ.

2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಬಂತು. ಖಾಸಗಿ ಶಾಲೆಗಳು ಶೇ 25ರಷ್ಟು ಸೀಟನ್ನು ಬಡ, ಹಿಂದುಳಿದ ಮಕ್ಕಳಿಗೆ ಕೊಡಬೇಕು, ಬಿಲ್ಲು ಸರ್ಕಾರ ಕಟ್ಟುತ್ತದೆ. ಕರ್ನಾಟಕದಲ್ಲಿ ಆ ಬಿಲ್ಲು ಎಲ್‌ಕೆಜಿಗೆ ವರ್ಷಕ್ಕೆ 8,000, ಒಂದನೇ ಕ್ಲಾಸಿಗೆ 16,000 ರೂಪಾಯಿವರೆಗೂ ಏರಿತು. ಸೀಟು ವಾರ್ಡಿನವರಿಗೆ ಮಾತ್ರ ಅಂದಾಗ, ಒಳ್ಳೆ ಶಾಲೆ ಇರುವ ವಾರ್ಡುಗಳಿಗೆ ಜನರ ಆಧಾರ್ ಕಾರ್ಡುಗಳು ವಲಸೆ ಹೋದವು. ಜನ ಮಾತ್ರ ಹಳೇ ಮನೆಯಲ್ಲೇ ಇದ್ದರು.

ಸೀಟು ಪೂರ್ತಿ ಉಚಿತ. ಅದರ ಮೇಲೆ ಕೂರುವುದಕ್ಕೆ ಮಾತ್ರ ಸ್ವಲ್ಪ ಖರ್ಚು. ಪುಸ್ತಕ ಶಾಲೆಯಲ್ಲೇ ಕೊಳ್ಳಬೇಕು, ಯೂನಿಫಾರ್ಮ್ ಅವರು ಹೇಳಿದ ಅಂಗಡಿಯಲ್ಲೇ. ಸೋಮವಾರ ಕಪ್ಪು ಶೂ, ಶನಿವಾರ ಬಿಳಿ ಶೂ. ಸ್ಮಾರ್ಟ್ ಕ್ಲಾಸಿಗೆ ಇಷ್ಟು, ಸ್ಕೂಲ್ ಡೇಗೆ ಇಷ್ಟು, ವ್ಯಾನಿಗೆ ಇಷ್ಟು.

‘ಮೇಡಂ, ನಮ್ದು ಆರ್‌ಟಿಇ.’

‘ಗೊತ್ತಮ್ಮಾ. ಅದಕ್ಕೇ ಫೀಸು ಕೇಳಿಲ್ವಲ್ಲ!’

ಪಕ್ಕದ ಬೀದಿಯ ಸರ್ಕಾರಿ ಶಾಲೆಯಲ್ಲಿ ಪುಸ್ತಕ, ಬಟ್ಟೆ, ಶೂ, ಬಿಸಿಯೂಟ, ಹಾಲು, ಮೊಟ್ಟೆ ಎಲ್ಲಾ ಬಿಟ್ಟಿ. ಮೇಷ್ಟ್ರು ಮಾತ್ರ ಎಷ್ಟೋ ಕಡೆ ಅತಿಥಿ. ಅವರ ಸಂಬಳವೂ ಅತಿಥಿಯ ಹಾಗೆಯೇ, ಯಾವಾಗ ಬರುತ್ತದೋ ಹೇಳೋಕಾಗಲ್ಲ.

2014ರಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯ್ದೆಯಿಂದ ವಿನಾಯಿತಿ ಕೊಟ್ಟಿತು. ಅಷ್ಟೇ, ಹಲವು ಆಡಳಿತ ಮಂಡಳಿಗಳಿಗೆ ತಾವು ಭಾಷಾ ಅಲ್ಪಸಂಖ್ಯಾತರು ಅನ್ನುವುದು ದಿಢೀರ್ ಅಂತ ನೆನಪಾಯಿತು. ಮಕ್ಕಳು ಆ ಭಾಷೆ ಮಾತಾಡಿದರೆ ದಂಡ ಹಾಕುತ್ತಿದ್ದವರೂ ಅವರಲ್ಲಿ ಇದ್ದಿರಬಹುದು, ಬಿಡಿ.

ಇತ್ತ ಸರ್ಕಾರ ತನ್ನ ಅಂಗಡಿ ಕಡೆ ತಿರುಗಿ ನೋಡಿತು. ಖಾಲಿ! ನನ್ನ ಮಕ್ಕಳನ್ನು ಯಾರು ಕರಕೊಂಡು ಹೋದರು? ವಿಚಾರಿಸಿದರೆ, ಬಸ್ ಚಾರ್ಜು ಕೊಟ್ಟು ಕಳಿಸಿದ್ದು ತಾನೇ. ಸರಿ, 2019ರಲ್ಲಿ ನಿಯಮ ಬದಲಾಯಿತು. ಆಸುಪಾಸಿನಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯವರು ಆರ್‌ಟಿಇ ಸೀಟು ಕೊಡಬೇಕಿಲ್ಲ. ಹೈಕೋರ್ಟೂ ಸೈ ಅಂದಿತು. ಲಕ್ಷ ದಾಟಿದ್ದ ಸೀಟುಗಳು ಸಾವಿರಗಳ ಲೆಕ್ಕಕ್ಕೆ ಇಳಿದವು. ಖಾಸಗಿಯವರು ಬೇಜಾರು ಮಾಡಿಕೊಳ್ಳಲಿಲ್ಲ. ಬಾಕಿ ಬಿಲ್ಲಿಗಾಗಿ ಇಲಾಖೆಗೆ ಅಲೆಯುವುದು ತಪ್ಪಿತಲ್ವಾ?

ಹಾಗಾದರೆ ಹಿಂದಿನ ವರ್ಷದವರೆಗೂ ಮಕ್ಕಳನ್ನು ಕೈಹಿಡಿದು ಹೊರಗೆ ಕಳಿಸಿದ ಅದೇ ಸರ್ಕಾರಿ ಶಾಲೆ, ಅಷ್ಟರಲ್ಲೇ ಒಳ್ಳೆಯದಾಗಿದ್ದು ಹೇಗೆ? ಸೋರುವ ಮಾಡು ಸೋರುತ್ತಲೇ ಇತ್ತು. ಒಬ್ಬರೇ ಮೇಷ್ಟ್ರು ಐದು ಕ್ಲಾಸು ನೋಡುತ್ತಲೇ ಇದ್ದರು. ಬದಲಾಗಿದ್ದು ಸುತ್ತೋಲೆ ಒಂದೇ.

ಸರ್ಕಾರಿ ಸಂಬಳ ತಗೊಳ್ಳುವವರು ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೇ ಸೇರಿಸಬೇಕು ಅಂತ 2015ರಲ್ಲಿ ಅಲಹಾಬಾದ್ ಹೈಕೋರ್ಟ್ ಹೇಳಿತ್ತು. ನಮ್ಮಲ್ಲೂ ಆ ಮಾತು ಆಗಾಗ ಏಳುತ್ತದೆ. ಚರ್ಚೆಗೆ ಒಂದು ಸಭೆ ಕರೆಯೋಣ ಅಂದರೆ ಸಾಹೇಬರು ಸಿಗುವುದಿಲ್ಲ. ಮಗಳ ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಪೇರೆಂಟ್ಸ್ ಮೀಟಿಂಗ್ ಇದೆಯಂತೆ.