‘ಸಾಮಾನ್ಯ ಅಂಚೆ ಗುಮಾಸ್ತ’ನ ಬಗ್ಗೆ ಒಂದು ತಕರಾರು

ಇಂದು ಬೆಳಿಗ್ಗೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಸೋದರಳಿಯನೊಬ್ಬ ಎರಡು ನಿಮಿಷದ ವಿಡಿಯೊ ಹಾಕಿ, ‘ಮಾವ, ಇದು ನಿಮಗಾಗಿಯೇ’ ಎಂದು ಬರೆದಿದ್ದ. ಹಿನ್ನೆಲೆಯಲ್ಲಿ ಪಿಯಾನೊ, ಅದರ ಮೇಲೆ ಗದ್ಗದಿತವಾದ ಒಂದು ದನಿ: ಅವನೊಬ್ಬ ಸಾಮಾನ್ಯ ಅಂಚೆ ಗುಮಾಸ್ತ, ಅವನು ಕನಸು ಕಂಡ, ಸೋರ್ಬಾನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದ, ನೀವೇಕೆ ಆಗಬಾರದು? ಆ ‘ಅವನು’ ಅಂದರೆ ಫ್ರಾನ್ಸಿನ ತತ್ವಜ್ಞಾನಿ ಗ್ಯಾಸ್ಟನ್ ಬಾಶಲಾರ್. ಅವರ ಮುದಿವಯಸ್ಸಿನ ಒಂದೇ ಒಂದು ಚಿತ್ರವನ್ನು ಉದ್ದಕ್ಕೂ ಬಳಸಿದ್ದರಿಂದ, ಇಪ್ಪತ್ತಮೂರರ ಗುಮಾಸ್ತನಿಗೂ ಎದೆಮಟ್ಟದ ಬಿಳಿಗಡ್ಡ ಬಂದಿತ್ತು. ಕೊನೆಯಲ್ಲಿ ಯಾವುದೋ ತರಬೇತಿ ಕೇಂದ್ರದ ಫೋನ್ ನಂಬರು.

ಮೂವತ್ತೊಂದು ವರ್ಷ ರೈಲ್ವೆ ಅಂಚೆ ಸೇವೆಯಾದ ಆರ್‌ಎಂಎಸ್‌ನಲ್ಲಿ ಕಾಗದ ವಿಂಗಡಿಸಿ ನಿವೃತ್ತನಾದವನು ನಾನು ಎಂಬುದು ನಿಮಗೆಲ್ಲ ಗೊತ್ತು. ಆದ್ದರಿಂದ ಆ ‘ಸಾಮಾನ್ಯ’ ಎಂಬ ಪದ ನನಗೆ ನಾಟಿದ ಪರಿಯನ್ನು ವಿವರಿಸಬೇಕಾಗಿಲ್ಲ. ಆದರೆ ನನ್ನ ತಕರಾರು ಬರೀ ವೃತ್ತಿಯ ಅಭಿಮಾನದ್ದಲ್ಲ. ಅಂಚೆ ಕಚೇರಿ ಎಂದರೆ ಕೆಸರು, ಸೋರ್ಬಾನ್ ಎಂದರೆ ಕಮಲ ಎಂದು ಹೇಳಿಬಿಟ್ಟರೆ, ಬಾಶಲಾರ್ ಅವರ ತತ್ವಶಾಸ್ತ್ರ ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ಹೂತುಹೋಗುತ್ತದೆ.

ಮೊದಲು ಆ ವಿಡಿಯೊ ನುಂಗಿಹಾಕಿದ ವರ್ಷಗಳನ್ನು ಹೇಳುತ್ತೇನೆ. 1884ರಲ್ಲಿ ಶಾಂಪೇನ್ ಪ್ರಾಂತ್ಯದ ಬಾರ್-ಸುರ್-ಓಬ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಈ ಮನುಷ್ಯ 1903ರಲ್ಲಿ ರೆಮಿರ್‌ಮೋಂ ಎಂಬಲ್ಲಿ ಅಂಚೆ ನೌಕರಿಗೆ ಸೇರಿ, ನಡುವೆ ಸೈನ್ಯದ ಕಡ್ಡಾಯ ಸೇವೆ ಮುಗಿಸಿ, 1907ರಿಂದ ಪ್ಯಾರಿಸ್ಸಿನ ಗಾರ್ ದ ಲೆಸ್ಟ್ ರೈಲು ನಿಲ್ದಾಣದ ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. (ರೈಲು ನಿಲ್ದಾಣದ ಅಂಚೆ ಎಂದಾಗ ನನ್ನ ಕಿವಿ ಹೇಗೆ ನಿಮಿರಿರಬೇಡ!) ಆಗ ಅವರು ಕಂಡ ಕನಸು ತತ್ವಶಾಸ್ತ್ರದ್ದಲ್ಲ, ಟೆಲಿಗ್ರಾಫ್ ಎಂಜಿನಿಯರ್ ಆಗುವುದು. ಅದಕ್ಕಾಗಿಯೇ ಗಣಿತ ಓದಿ 1912ರಲ್ಲಿ ಪದವಿ ಪಡೆದರು. ಎಂಜಿನಿಯರ್ ಆಗಲಿಲ್ಲ, 1914ರ ಜುಲೈಯಲ್ಲಿ ಮದುವೆ, ಆಗಸ್ಟಿನಲ್ಲಿ ಯುದ್ಧಕ್ಕೆ ಕರೆ, ಆಮೇಲೆ ಕಂದಕಗಳಲ್ಲಿ ಮೂವತ್ತೆಂಟು ತಿಂಗಳು. ತಿರುಗಿ ಬಂದವರು ಹುಟ್ಟೂರಿನ ಶಾಲೆಯಲ್ಲಿ ಭೌತ ಮತ್ತು ರಸಾಯನ ವಿಜ್ಞಾನದ ಮೇಷ್ಟರಾದರು. 1919ರಲ್ಲಿ ಮಗಳು ಸ್ಯೂಜಾನ್ ಹುಟ್ಟಿದಳು, ಮರುವರ್ಷ ಹೆಂಡತಿ ಜಾನ್ ತೀರಿಕೊಂಡರು. ಕೈಗೂಸನ್ನು ಒಂಟಿಯಾಗಿ ಸಾಕುತ್ತಾ, ಹಗಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತಾ, ಉಳಿದ ಹೊತ್ತಿನಲ್ಲಿ ಅವರು ತತ್ವಶಾಸ್ತ್ರ ಓದಿದರು. ಪಿಯಾನೊ ಬಾರಿಸಿದವರಿಗೆ ಜಾನ್ ಎಂಬ ಹೆಣ್ಣುಮಗಳು ಇದ್ದದ್ದೂ ಗೊತ್ತಿಲ್ಲ, ಸತ್ತದ್ದೂ ಗೊತ್ತಿಲ್ಲ.

ಇನ್ನು ಫ್ರಾನ್ಸಿನ ವಿದ್ವತ್ ಲೋಕ. ಅಲ್ಲಿ ತತ್ವಶಾಸ್ತ್ರಕ್ಕೆ ಒಂದು ರಾಜಮಾರ್ಗವಿತ್ತು: ಪ್ಯಾರಿಸ್ಸಿನ ದೊಡ್ಡ ಲಿಸೆ ಅಂದರೆ ಪ್ರೌಢಶಾಲೆ, ಅಲ್ಲಿಂದ ಎಕೋಲ್ ನಾರ್ಮಾಲ್ ಎಂಬ ಪ್ರತಿಷ್ಠಿತ ಉನ್ನತ ವಿದ್ಯಾಸಂಸ್ಥೆ, ಒಂದು ಮಠವೇ ಅನ್ನಿ, ಅಲ್ಲಿಂದ ಅಗ್ರೆಗಾಸಿಯೋಂ ಎಂಬ, ಅಧ್ಯಾಪಕರನ್ನು ಆರಿಸುವ ಸ್ಪರ್ಧಾತ್ಮಕ ಪರೀಕ್ಷೆ. ಮುಂದೆ ಹೆಸರಾಂತ ಚಿಂತಕರಾದ ಸಾರ್ತ್ರ್, ರೇಮೋಂ ಆರೋನ್, ಜಾರ್ಜ್ ಕಾಂಗಿಲೆಮ್ ಮೂವರೂ 1924ರಲ್ಲಿ ಆ ಮಠಕ್ಕೆ ಒಟ್ಟಿಗೇ ಕಾಲಿಟ್ಟವರು, ಹತ್ತೊಂಬತ್ತು ಇಪ್ಪತ್ತರ ಹುಡುಗರು. ಬಾಶಲಾರ್ ಆ ಮಠದ ಹೊಸ್ತಿಲು ತುಳಿಯಲಿಲ್ಲ, ಆದರೆ ಅಗ್ರೆಗಾಸಿಯೋಂ ಪರೀಕ್ಷೆಯನ್ನು 1922ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ತಾವಾಗಿ ಓದಿಕೊಂಡು ಪಾಸು ಮಾಡಿದರು. 1927ರಲ್ಲಿ ಡಾಕ್ಟರೇಟ್ ಬಂತು. ಎರಡು ಪ್ರಬಂಧಗಳ ಪೈಕಿ ಒಂದರ ವಸ್ತು ಘನವಸ್ತುಗಳಲ್ಲಿ ಶಾಖ ಹರಡುವ ಸಮಸ್ಯೆಯ ಇತಿಹಾಸ. ಇಷ್ಟಾದರೂ ಇನ್ನೂ ಮೂರು ವರ್ಷ ಅದೇ ಊರಿನ ಶಾಲೆ. 1930ರಲ್ಲಿ ಡಿಜೋಂ ವಿಶ್ವವಿದ್ಯಾಲಯ, 1940ರಲ್ಲಿ ಸೋರ್ಬಾನ್‌ನ ವಿಜ್ಞಾನದ ಇತಿಹಾಸ ಮತ್ತು ತತ್ವಶಾಸ್ತ್ರದ ಪೀಠ. ಆಗ ಅವರಿಗೆ ಐವತ್ತಾರು, ನಮ್ಮಲ್ಲಿ ಪಿಂಚಣಿಯ ಕಾಗದಪತ್ರ ಹೊಂದಿಸಿಕೊಳ್ಳುವ ವಯಸ್ಸು.

ಈಗ ನಾನು ಹೇಳಹೊರಟದ್ದಕ್ಕೆ ಬರುತ್ತೇನೆ. 1938ರಲ್ಲಿ ಅವರು ವೈಜ್ಞಾನಿಕ ಮನಸ್ಸು ರೂಪುಗೊಳ್ಳುವ ಬಗೆಯನ್ನು ಕುರಿತು ಒಂದು ಪುಸ್ತಕ ಬರೆದರು. ಅದರಲ್ಲಿ ವಿಜ್ಞಾನದ ಮೇಷ್ಟರುಗಳ ಮೇಲೆ ಒಂದು ಆರೋಪವಿದೆ: ಒಬ್ಬನಿಗೆ ಅರ್ಥವಾಗುವುದಿಲ್ಲ ಎಂಬುದೇ ಇವರಿಗೆ ಅರ್ಥವಾಗುವುದಿಲ್ಲ. ಅದಕ್ಕೆ ಅವರು ಕೊಡುವ ಉದಾಹರಣೆ ನೋಡಿ. ಮರದ ತುಂಡನ್ನು ಕೈಯಿಂದ ನೀರಿಗೆ ಅದುಮಿದರೆ ಅದು ಎದುರು ಒತ್ತುತ್ತದೆ. ಒತ್ತುತ್ತಿರುವುದು ನೀರು ಎಂದು ಹುಡುಗ ಸುಲಭವಾಗಿ ಒಪ್ಪುವುದಿಲ್ಲ, ಹಟ ಮಾಡುತ್ತಿರುವುದು ಮರವೇ ಎಂದುಕೊಳ್ಳುತ್ತಾನೆ. ಆ ಅನಿಸಿಕೆಯನ್ನು ಮೊದಲು ಕೆಡವದೆ ಆರ್ಕಿಮಿಡೀಸನ ತತ್ವವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ಪ್ರಯೋಜನವಿಲ್ಲ. ಇದನ್ನು ಎಕೋಲ್ ನಾರ್ಮಾಲ್‌ನ ಗ್ರಂಥಾಲಯದಲ್ಲಿ ಕುಳಿತವನು ಬರೆಯಲು ಸಾಧ್ಯವಿರಲಿಲ್ಲ. ಹನ್ನೊಂದು ವರ್ಷ ಸಣ್ಣ ಊರಿನ ಮಕ್ಕಳ ಮುಖ ನೋಡಿ, ಅವರಿಗೆ ಎಲ್ಲಿ ಎಡವುತ್ತದೆ ಎಂದು ಗಮನಿಸಿದವನೇ ಬರೆಯಬೇಕು. ವಿಜ್ಞಾನದ ಬಾಗಿಲಿಗೆ ಬರುವ ಮನಸ್ಸು ಎಂದೂ ಎಳೆಯದಲ್ಲ, ಅದಕ್ಕೆ ಅದರ ಪೂರ್ವಗ್ರಹಗಳಷ್ಟು ವಯಸ್ಸಾಗಿರುತ್ತದೆ ಎಂಬ ಅವರ ಮಾತು ನನ್ನ ಮಟ್ಟಿಗೆ ಆ ತರಗತಿಯಿಂದಲೇ ಬಂದದ್ದು.

ಅಂಚೆಯಿಂದ ಬಂದದ್ದೇನು? ಇಲ್ಲಿ ನನ್ನ ಸ್ವಂತ ಓದನ್ನು ಹೇಳುತ್ತೇನೆ, ಪಂಡಿತರು ಕ್ಷಮಿಸಲಿ. ಮೊದಲ ಸತ್ಯ ಎಂಬುದೊಂದಿಲ್ಲ, ಇರುವುದು ಮೊದಲ ತಪ್ಪುಗಳು ಮಾತ್ರ ಎಂದವರು ಬಾಶಲಾರ್. ವಿಂಗಡಣೆಯ ಕಟ್ಟೆಯೆದುರು ರಾತ್ರಿ ಪಾಳಿ ನಿಂತವನಿಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಕೈ ತನ್ನಷ್ಟಕ್ಕೆ ಕಾಗದವನ್ನು ಗೂಡಿಗೆ ಎಸೆಯುತ್ತಿರುತ್ತದೆ, ಹಿರಿಯೂರಿನದು ಹಿರೇಕೆರೂರಿನ ಗೂಡಿಗೆ ಬಿದ್ದಿರುತ್ತದೆ, ಎರಡು ದಿನ ಕಳೆದು ‘ಮಿಸ್‌ಸೆಂಟ್’ ಎಂಬ ಮುದ್ರೆ ಹೊತ್ತು ಅದೇ ಕಾಗದ ನಿಮ್ಮ ಕೈಗೇ ಮರಳುತ್ತದೆ. ಕೈಗೆ ರೂಢಿಯಾದದ್ದೇ ಕಣ್ಣಿಗೆ ಅಡ್ಡಬರುತ್ತದೆ ಎಂದು ಆಗ ತಿಳಿಯುತ್ತದೆ. ಗಾರ್ ದ ಲೆಸ್ಟ್‌ನಲ್ಲಿಯೂ ತಪ್ಪು ಗೂಡುಗಳು ಇದ್ದೇ ಇದ್ದವು ಎಂದು ನಾನು ಪಣ ಕಟ್ಟಬಲ್ಲೆ.

ಕೊನೆಗೆ ಆ ವ್ಯವಸ್ಥೆ ಅವರನ್ನು ಒಪ್ಪಿತಲ್ಲ, 1955ರಲ್ಲಿ ಫ್ರಾನ್ಸಿನ ನೀತಿ ಮತ್ತು ರಾಜಕೀಯ ವಿಜ್ಞಾನಗಳ ಅಕಾಡೆಮಿಯ ಸದಸ್ಯತ್ವ, 1961ರಲ್ಲಿ ಸಾಹಿತ್ಯದ ರಾಷ್ಟ್ರೀಯ ಮಹಾ ಪ್ರಶಸ್ತಿ, ಇನ್ನು ಹೊರಗಿನವನೆಂಬ ಗೋಳೇಕೆ ಎಂದು ನೀವು ಕೇಳಬಹುದು. ಒಪ್ಪಿತು, ಸರಿ. ಅವರ ಪೀಠಕ್ಕೆ ಅವರ ನಂತರ ಬಂದವರು ಅದೇ ರಾಜಮಾರ್ಗದ ಕಾಂಗಿಲೆಮ್. ಮಾರ್ಕ್ಸ್‌ವಾದಿ ತತ್ವಜ್ಞಾನಿ ಅಲ್ತುಸೆರ್, ಜರ್ಮನ್ ತತ್ವಜ್ಞಾನಿ ಹೆಗೆಲ್ ಕುರಿತ ತಮ್ಮ ಪ್ರಬಂಧವನ್ನು ಬರೆದದ್ದು ಬಾಶಲಾರ್ ಮಾರ್ಗದರ್ಶನದಲ್ಲೇ. ಮಗಳು ಸ್ಯೂಜಾನ್ ಕೂಡ ಸೋರ್ಬಾನ್‌ನಲ್ಲಿ ಪ್ರಾಧ್ಯಾಪಕಿಯಾದರು. ಆದರೆ ಒಪ್ಪಿಕೊಂಡಿದ್ದರಿಂದ ಅಂಚೆ ಕಚೇರಿ ಕೆಸರಾಗುವುದು ಹೇಗೆ? ಅದೂ ಅಲ್ಲದೆ, ವೈಜ್ಞಾನಿಕ ಮನಸ್ಸನ್ನು ಕುರಿತು ಬರೆದ ವರ್ಷವೇ ಬೆಂಕಿಯ ಬಗೆಗಿನ ಕನಸುಗಳನ್ನು ಕುರಿತು ಇನ್ನೊಂದು ಪುಸ್ತಕ ಬರೆದು, ಮುಂದೆ ನೀರು, ಗಾಳಿ, ಮಣ್ಣು, ಮನೆಯ ಅಟ್ಟ, ಮೂಲೆ ಎಂದು ಹೊರಟ ಪ್ರಾಧ್ಯಾಪಕನನ್ನು ಯಾವ ಗೂಡಿಗೆ ಹಾಕಬೇಕೆಂದು ಇಂದಿಗೂ ಜನಕ್ಕೆ ತಿಳಿದಿಲ್ಲ. ವಿಜ್ಞಾನದ ತತ್ವಶಾಸ್ತ್ರದವರು ಒಂದು ಕಪಾಟನ್ನು ತೆಗೆಯುತ್ತಾರೆ, ಕಾವ್ಯದವರು ಇನ್ನೊಂದನ್ನು.

ಇಷ್ಟು ಸಿಟ್ಟೇಕೆ ಎಂದರೆ, ಹೇಳಿಬಿಡುತ್ತೇನೆ. ನಲವತ್ತನೆಯ ವಯಸ್ಸಿನಲ್ಲಿ ನಾನೂ ತತ್ವಶಾಸ್ತ್ರದ ಪಿಎಚ್.ಡಿ.ಗೆ ಅರ್ಜಿ ಹಾಕಿದ್ದೆ. ಸಂದರ್ಶನದಲ್ಲಿ ಒಬ್ಬರು ನಗುತ್ತಾ, ‘ಅಂಚೆಯವರಿಗೆ ಇದೆಲ್ಲ ಯಾಕ್ರೀ?’ ಎಂದರು. ನಾನೂ ನಕ್ಕೆ. ನಕ್ಕದ್ದೇ ಇಂದಿಗೂ ಉರಿಯುತ್ತದೆ, ಅವರ ಮಾತಿಗಿಂತ ಹೆಚ್ಚಾಗಿ. ಅದಾದ ಮೇಲೆ ಎಷ್ಟೋ ಸಭೆಗಳಲ್ಲಿ ‘ಕೇಂದ್ರ ಸರ್ಕಾರದ ನೌಕರ’ ಎಂದಷ್ಟೇ ಪರಿಚಯಿಸಿಕೊಂಡಿದ್ದೇನೆ, ವಿಂಗಡಣೆ ಎಂಬ ಪದ ಬಾಯಿಗೆ ಬರುತ್ತಿರಲಿಲ್ಲ.

ಬಾಶಲಾರ್‌ಗೆ ಆ ನಾಚಿಕೆ ಇರಲಿಲ್ಲ. ಬೆಂಕಿಯ ಪುಸ್ತಕದಲ್ಲಿ ಅವರು ಹೇಳುತ್ತಾರೆ: ಮನೆಯಲ್ಲಿ ಒಲೆ ಹೊತ್ತಿಸುವ ಅಧಿಕಾರ ಅಪ್ಪನದು, ತಾವು ಸ್ವತಃ ಹೊತ್ತಿಸಿದ್ದು ಒಂಟಿಯಾಗಿ ಬದುಕತೊಡಗಿದ ಮೇಲೆಯೇ, ಬಹುಶಃ ಹದಿನೆಂಟಕ್ಕಿಂತ ಮುಂಚೆ ಇಲ್ಲ, ಆ ವಿದ್ಯೆಯ ಜಂಬ ಮಾತ್ರ ಹಾಗೆಯೇ ಉಳಿದಿದೆ, ತತ್ವಶಾಸ್ತ್ರದ ಒಂದು ಪಾಠ ಕೆಟ್ಟರೂ ಸರಿ, ಬೆಳಗಿನ ಬೆಂಕಿ ಕೆಡಬಾರದು.

ಇದಿಷ್ಟನ್ನೂ ಗುಂಪಿನಲ್ಲಿ ಹಾಕಿದೆ. ಸೋದರಳಿಯ ಎರಡು ಕೈ ಮುಗಿದ ಚಿತ್ರ ಕಳಿಸಿ, ‘ಸೂಪರ್ ಮಾವ, ಆ ಕೋಚಿಂಗ್ ಸೆಂಟರಿನವರಿಗೂ ಫಾರ್ವರ್ಡ್ ಮಾಡಿದೆ’ ಎಂದಿದ್ದಾನೆ.